ಜುಬೇದಾ ಆಪಾ ಅವರ ಪಟ್ಟಶಿಷ್ಯ

ದೌಲಪ್ಪನ ಫಜೀತಿ ಶುರುವಾದದ್ದು ಒಂದೇ ಒಂದು ಮಾತಿನಿಂದ. ಅವನು ಕಲಬುರಗಿಯ ನೆಹರು ಗಂಜ್‌ನ ತೊಗರಿ ಅಂಗಡಿಯೊಂದರಲ್ಲಿ ಗುಮಾಸ್ತ. ಹುಟ್ಟೂರು ಕಮಲಾಪುರಕ್ಕೆಲ್ಲ ಅಕ್ಕನಂತಿದ್ದ ಜುಬೇದಾ ಆಪಾ ತೀರಿಕೊಂಡ ಸುದ್ದಿ ಹೋದ ವಾರ ಚಹಾ ಕುಡಿಯುವಾಗ ಬಂತು. ಅವನು ಲೋಟ ಕೆಳಗಿಟ್ಟ. "ನನಗ ಈಜು ಕಲಿಸಾಕ ಎಷ್ಟು ಕಷ್ಟಪಟ್ರೋ ಆಪಾ" ಎಂದ. ಪಕ್ಕದಲ್ಲಿದ್ದ ಗೆಳೆಯ ಮಹಾದೇವನ ಕಿವಿಗೆ ಬಿದ್ದದ್ದು ಈಜು ಕಲಿಸಿದರು ಎಂಬಷ್ಟೇ. ಅವನ ಫೋನಿನಿಂದ ಹೊರಟ ಸುದ್ದಿ ಕಮಲಾಪುರ ಮುಟ್ಟುವಷ್ಟರಲ್ಲಿ ದೌಲಪ್ಪ ಆಪಾ ಅವರ ಪಟ್ಟಶಿಷ್ಯನಾಗಿದ್ದ.

ಭಾನುವಾರ ಬೆಳಿಗ್ಗೆ ಮೊಬೈಲಿಗೆ ಕರಪತ್ರ ಬಂತು: 'ಇಂದು ಮಧ್ಯಾಹ್ನ ಕಮಲಾಪುರದಲ್ಲಿ ಜುಬೇದಾ ಆಪಾ ಅವರಿಗೆ ನುಡಿನಮನ. ಸಭೆಯ ನಂತರ ಪಟ್ಟಶಿಷ್ಯ ಶ್ರೀ ದೌಲಪ್ಪ ಅವರು ದೊಡ್ಡ ಬಾವಿಗೆ ಜಿಗಿದು ಗೌರವ ಸಲ್ಲಿಸುವರು.'

ತುಂಬಿದ ಬಕೀಟು ಕಂಡರೂ ಒಂದು ಹೆಜ್ಜೆ ಹಿಂದೆ ಸರಿಯುವ ಆಸಾಮಿ ಅವನು. ಕರಪತ್ರ ಓದಿ ಹಾಸಿಗೆಯಲ್ಲೇ ಕುಸಿದ. ಹೆಂಡತಿ ಇಣುಕಿ ನೋಡಿದಳು.

"ಲಗ್ನ ಆಗಿ ಇಪ್ಪತ್ತೈದು ವರ್ಷ ಆತು. ಈಜು ಬರ್ತದಂತ ಒಂದಿನಾನೂ ಹೇಳಿಲ್ಲಲ್ರೀ! ಇನ್ನೇನೇನು ಮುಚ್ಚಿಟ್ಟೀರಿ?"

ಅಷ್ಟರಲ್ಲಿ ಮಹಾದೇವ ಬಂದು ಅವನನ್ನು ಸೂಪರ್ ಮಾರ್ಕೆಟ್‌ಗೆ ಎಳೆದೊಯ್ದ. ತುಂಬಿದ ಅಂಗಡಿಯಲ್ಲಿ ಎಲ್ಲರೆದುರು ಕೆಂಪು ಚಡ್ಡಿಯೊಂದನ್ನು ದೌಲಪ್ಪನ ಹೊಟ್ಟೆಗೆ ಹಿಡಿದು ಅಳತೆ ನೋಡಿದ. ಬಸ್ಸು ಹತ್ತಿದ ಮೇಲಂತೂ ಕಂಡಕ್ಟರಿನಿಂದ ಹಿಡಿದು ಹಿಂದಿನ ಸೀಟಿನ ಮುದುಕಿಯವರೆಗೆ ಸುದ್ದಿ ಹಂಚಿದ.

"ಮಹಾದೇವಾ, ನನಗ ಈಜು ಬರಂಗಿಲ್ಲೋ ಮಾರಾಯ" ಎಂದು ದೌಲಪ್ಪ ಪಿಸುಗುಟ್ಟಿದ.

"ಕೇಳಿದ್ರೇನ್ರೀ?" ಮಹಾದೇವ ಇಡೀ ಬಸ್ಸಿಗೆ ಕೂಗಿ ಹೇಳಿದ. "ಎಷ್ಟು ಸಾದಾ ಮನುಷ್ಯಾ ನೋಡ್ರಿ! ಬರಂಗಿಲ್ಲ ಅಂತಾನ!"

ಕಮಲಾಪುರದಲ್ಲಿ ಸಭೆಯ ಉಸ್ತುವಾರಿ ಹೊತ್ತಿದ್ದ ಮಾಣಿಕಪ್ಪ ಅವರು ಹಾರ ಹಿಡಿದು ನಿಂತಿದ್ದರು. ಪೆಂಡಾಲು ಹಾಕಿದ್ದು ದೊಡ್ಡ ಬಾವಿಯ ಪಕ್ಕದಲ್ಲೇ. ಆಕಳಿಸುವ ಎಮ್ಮೆಯ ಹಾಗೆ ಬಾವಿ ಬಾಯಿ ತೆರೆದುಕೊಂಡಿತ್ತು.

ಒಬ್ಬೊಬ್ಬರೇ ಎದ್ದು ಆಪಾ ಅವರನ್ನು ನೆನೆದರು. ಆಕೆ ಸರಕಾರಿ ದವಾಖಾನೆಯ ನರ್ಸ್. ಆ ಕಾಲಕ್ಕೇ ಮೋಟಾರ್ ಸೈಕಲ್ ಓಡಿಸಿಕೊಂಡು ಲಂಬಾಣಿ ತಾಂಡಾಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದವರು. ಹಳ್ಳ ತುಂಬಿ ಬಂದರೆ ಔಷಧದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಈಜಿ ದಾಟಿದವರು. ಒಂದು ಬೇಸಿಗೆಯಲ್ಲಿ ಇದೇ ಬಾವಿಯಿಂದ ಮಗುವೊಂದರ ಹೆಣ ಎತ್ತಿದರು. ಅಂದಿನಿಂದ ಊರ ಮಕ್ಕಳಿಗೆಲ್ಲ ಈಜು ಕಲಿಸುವ ಹಟ ತೊಟ್ಟರು.

"ಈಗ ಪಟ್ಟಶಿಷ್ಯರು ಮಾತಾಡ್ತಾರ. ಆಮ್ಯಾಲ ಜಿಗೀತಾರ" ಎಂದರು ಮಾಣಿಕಪ್ಪ.

ದೌಲಪ್ಪ ಮೈಕು ಹಿಡಿದ. ಸುಳ್ಳು ಹೇಳಿದರೆ ಜಿಗಿಯಬೇಕು. ನಿಜ ಹೇಳಿದರೆ ಮಾನ ಹೋದರೂ ಪ್ರಾಣ ಉಳಿಯುತ್ತದೆ.

"ನಾ ಪಟ್ಟಶಿಷ್ಯ ಅಲ್ರೀ. ನನಗ ಈಜೇ ಬರಂಗಿಲ್ಲ. ಒಂಬತ್ತು ವರ್ಷದವ ಇದ್ದಾಗ ಆಪಾ ಹದಿನೇಳು ದಿವಸ ಕೈ ಹಿಡಿದು ಬಾವಿಗಿ ಕರಕೊಂಡು ಬಂದ್ರು. ಹದಿನೇಳು ದಿವಸಾನೂ ಮೆಟ್ಟಲದಿಂದ ಓಡಿ ಹೋದೆ. ಹುಡುಗ್ರು ನಕ್ರ, 'ಅವನಿಗಿ ನೆಗಡಿ ಆಗ್ಯಾದ, ನಾನೇ ಬ್ಯಾಡ ಅಂದೀನಿ' ಅಂತ ಆಪಾ ಸುಳ್ಳು ಹೇಳ್ತಿದ್ರು. ಸುಳ್ಳು ಅಂದ್ರ ಆಗದ ಮನುಷ್ಯಾರು ನನ್ನ ಸಲುವಾಗಿ ಹದಿನೇಳು ಸರ್ತಿ ಸುಳ್ಳು ಹೇಳಿದ್ರು. ಅಂಜುಬುರುಕನಿಗೂ ಮರ್ಯಾದಿ ಇರ್ತದ ಅಂತ ತಿಳಿದಾಕಿ ಆಕಿ ಒಬ್ಬಾಕೀನೇರೀ. ಅದನ್ನ ಹೆಂಗ ಮರೀಲಿ?"

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಮಾಣಿಕಪ್ಪ ಕಣ್ಣೊರೆಸಿಕೊಂಡರು. ದೌಲಪ್ಪನ ಎದೆಯ ಮೇಲಿಂದ ತೊಗರಿಯ ಮೂಟೆ ಇಳಿಸಿದಂತಾಯಿತು.

ಆಗ ಆಪಾ ಅವರ ಮೊಮ್ಮಗಳು, ಶಾಲೆಯಲ್ಲಿ ಆಟದ ಟೀಚರಾಗಿರುವ ಹಾಜಿರಾ, ಹಳೆಯ ವಹಿಯೊಂದನ್ನು ಹಿಡಿದು ವೇದಿಕೆಗೆ ಓಡಿ ಬಂದಳು.

"ಈಜು ಕಲೀದೇ ಓಡಿ ಹೋದ ದೌಲಪ್ಪ ಕಾಕಾ ಅಂದ್ರ ನೀವೇ ಏನ್ರೀ? ಪಟ್ಟಶಿಷ್ಯ ಅಂದ್ರ ಬ್ಯಾರೆ ಯಾರೋ ಅಂದ್ಕೊಂಡಿದ್ದೆ. ನಮ್ಮ ದಾದಿ, ಅಂದ್ರ ಅಜ್ಜಿ, ಕಲಿಸಿದ ನಾಕನೂರಾ ಹನ್ನೆರಡು ಮಂದಿ ಹೆಸರು ಇದರಾಗ ಅದಾವ. ಎಲ್ಲಾರ ಮುಂದ 'ಕಲಿತಾನ', 'ಕಲಿತಾಳ' ಅಂತ ಬರದಾಳ. ನಿಮ್ಮೊಬ್ಬರ ಹೆಸರಿನ ಮುಂದ ಖಾಲಿ ಅದ. 'ಆ ಹುಡುಗ ಎಲ್ಲೆರೆ ಸಿಕ್ರ ಬಿಡಬ್ಯಾಡ ಬೇಟಿ, ಕಲಿಸೇ ಕಲಿಸು' ಅಂತ ನನ್ನ ಕಡಿಂದ ಮಾತು ತಗೊಂಡು ಕಣ್ಣು ಮುಚ್ಚಿದ್ಲು. ನಿಮ್ಮನ್ನ ಎಲ್ಲಿ ಹುಡುಕಲಿ ಅಂತ ವಾರದಿಂದ ಚಿಂತಿ ಮಾಡಾಕತ್ತೀನಿ!"

"ಅವ್ವಾ, ನನಗ ಐವತ್ತೆರಡು..." ಎಂದು ದೌಲಪ್ಪ ತೊದಲಿದ.

"ಆಪಾನ ಕಡೀ ಆಸೆ!" ಎಂದು ಮಾಣಿಕಪ್ಪ ಕೂಗಿದ್ದೇ ತಡ, ನಾಲ್ವರು ಅವನನ್ನು ಮದುಮಗನಂತೆ ಹೆಗಲಿಗೇರಿಸಿಕೊಂಡರು. ತೇಲಲೆಂದು ಬೆನ್ನಿಗೆ ಖಾಲಿ ಡಬ್ಬಿ ಬಿಗಿದರು. ಜನ ಮೆಟ್ಟಿಲ ತುಂಬ ಸಾಲಾಗಿ ನಿಂತದ್ದರಿಂದ ಈ ಸಲ ಓಡಲು ದಾರಿಯೇ ಇರಲಿಲ್ಲ.

ನೀರು ತಣ್ಣಗಿತ್ತು. ಜೊತೆಗೆ ನೀರಿಗಿಳಿದ ಹಾಜಿರಾ ಅವನ ಗದ್ದ ಹಿಡಿದುಕೊಂಡು "ಕಾಲು ಬಡೀರಿ ಕಾಕಾ, ಬಡೀರಿ" ಎನ್ನುತ್ತಿದ್ದಳು. ದೌಲಪ್ಪ ಕಾಲು ಬಡಿದ, ಕೈ ಬಡಿದ, ನಾಲ್ಕು ಗುಟುಕು ನೀರು ಕುಡಿದ, ಸತ್ತೆನೆಂದು ಕಿರುಚಿದ. ಅರ್ಧ ಗಂಟೆಯ ನಂತರ ಮೆಟ್ಟಿಲು ಸಿಕ್ಕಿತು. ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಏದುಸಿರುಬಿಟ್ಟ.

"ಕಲಿತೆ ಅಂತ ಬರಕೊಂಡು ಬಿಡವ್ವಾ. ನಿಮ್ಮ ದಾದಿ ಆತ್ಮ ತಣ್ಣಗಿರ್ಲಿ."

ಹಾಜಿರಾ ಒದ್ದೆ ಬೆರಳುಗಳಿಂದ ವಹಿ ತೆರೆದು, ಖಾಲಿ ಜಾಗದಲ್ಲಿ ಮುದ್ದಾಗಿ ಬರೆದಳು: 'ಮೊದಲನೇ ದಿನ.'