ಮೇಲಿನ ಬಲೆಯ ಸಮುದ್ರ

ಶಿವರಾತ್ರಿ ಮುಗಿದು ಬಿಸಿಲು ಬಲಿತಿತ್ತು. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲು. ಮಲಕಾರಿಯ ಶೆಡ್ಡಿನಲ್ಲಿ ಹೆಂಗಸರು ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ತಂತಿಬಲೆಗಳ ಮೇಲೆ ಹರಡುತ್ತಿದ್ದರು. ಅವು ಒಣಗಿ ಮನೂಕ, ಅಂದರೆ ಒಣದ್ರಾಕ್ಷಿ, ಆಗುವುದು ಇನ್ನು ಗಾಳಿಗೆ ಬಿಟ್ಟದ್ದು.

ಮಲಕಾರಿಯ ಹೆಂಡತಿ ಸೋನವ್ವ ಬಾಗಿಲ ಬಳಿ ಹೊರಸಿನ ಮೇಲೆ ಕುಳಿತಿದ್ದಳು. ಸಕ್ಕರೆ ರೋಗ ಅವಳ ಕಾಲಿಗೆ ಆರದ ಹುಣ್ಣು ಕೊಟ್ಟು, ಆಮೇಲೆ ಕಣ್ಣಿಗೆ ಏರಿತ್ತು. ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಎಲ್ಲವೂ ಹೊಗೆಯೊಳಗಿಂದ ಕಂಡಂತೆ. ಅದೂ ಬಹಳ ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವಳಿಗೆ ಸಮುದ್ರ ನೋಡಬೇಕಿತ್ತು. ಮದುವೆಯ ಹೊಸದರಲ್ಲಿ ತೋರಿಸುತ್ತೇನೆಂದು ಮಲಕಾರಿ ಮಾತು ಕೊಟ್ಟಿದ್ದ. ಒಂದು ವರ್ಷ ಕೊಯ್ಲು ಅಡ್ಡ ಬಂತು, ಇನ್ನೊಂದು ವರ್ಷ ಬೋರಿನ ಮೋಟಾರು. ಕಡೆಗೆ ಅವಳ ಕಾಲೇ ಅಡ್ಡ ಬಂತು.

“ನೀ ಸಮುದ್ರದ ಕಡೆ ಹೋಗಾಕ ಆಗದಿದ್ದರ ಏನಾತು? ಸಮುದ್ರನ ನಿನ್ನ ಕಡೆ ಬರತೈತಿ!” ಎಂದು ಮಲಕಾರಿ ಮುಚ್ಚಿದ್ದ ಗೋಣಿಚೀಲ ಎಳೆದ.

ಕೆಳಗೆ ಅವನ ಹೊಸ ಯಂತ್ರ! ಒಡೆದ ಡಿಶ್ ಆಂಟೆನಾ, ಔಷಧ ಹೊಡೆಯುವ ಪಂಪು, ಮೋಟಾರಿನ ಸುರುಳಿ. ಜಗತ್ತಿನ ಯಾವ ಜಾಗದ ಗಾಳಿ, ಬೆಳಕು, ಸದ್ದನ್ನಾದರೂ ಹಿಡಿದು ಕುಳಿತವರ ತಲೆಗೆ ಇಳಿಸುವ ‘ಜಗಸಂಚಾರಿ’! ತಲೆಗೆ ಇಡುವ ಕಿರೀಟವನ್ನು ಸೋನವ್ವ ಕೈಯಾಡಿಸಿ ನೋಡಿದಳು.

“ಇದು ನನ್ನ ಕುಕ್ಕರಿನ ಮುಚ್ಚಳ ಅಲ್ಲೇನು!”

“ಬ್ಯಾಳಿ ಗಡಿಗ್ಯಾಗೂ ಬೇಯತೈತಿ. ಸಮುದ್ರ ಗಡಿಗ್ಯಾಗ ಹಿಡಿಯಾಕ ಬರತೈತೇನು?”

ಅಲ್ಲಿಯದು ಕಲ್ಲುನೆಲ, ಅರ್ಥಿಂಗ್ ಸಲಾಕೆ ಇಳಿಯದು. ಆ ಸೀಮೆಯವರೆಲ್ಲ ಮಾಡುವಂತೆ ಮಲಕಾರಿ ಅರ್ಥಿಂಗ್ ತಂತಿಯನ್ನು ಶೆಡ್ಡಿನ ಎಲ್ಲಕ್ಕಿಂತ ಮೇಲಿನ ಬಲೆಗೇ ಸುತ್ತಿ, ಕಿರೀಟವನ್ನು ಅವಳ ತಲೆಗಿಟ್ಟು, ಮೊದಲು ಸಮುದ್ರಕ್ಕೆ ಗುಂಡಿ ತಿರುಗಿಸಿದ. ಯಂತ್ರ ಗುಂಯ್ ಎಂದಿತು, ಬಲೆ ಚಟಪಟ ಎಂದಿತು.

“ಏನ ಕಂಡಿತು?”

“ನೀ ಕಂಡಿ. ಅದೂ ಅರ್ಧ.”

ಮಲಕಾರಿ ಬಿಡಲಿಲ್ಲ. ಬಲೆ ಕಾದಾಗಲೆಲ್ಲ ತಂತಿಯನ್ನು ಕೆಳಗಿನ ಬಲೆಗೆ ಇಳಿಸುತ್ತ ಹಿಮಾಲಯ, ವೆನಿಸ್, ಸಹಾರಾ, ಟೋಕಿಯೊ ಎಲ್ಲವನ್ನೂ ತಿರುಗಿಸಿದ. ಸೋನವ್ವನ ತಲೆಗೆ ಬಂದದ್ದು ಮುಚ್ಚಳದ ಬಿಸಿ ಒಂದೇ. ಕಡೆಗೆ ಸುರುಳಿ ಢಬ್ ಎಂದು ಸುಟ್ಟುಹೋಯಿತು. ಅದನ್ನು ಹೇಗೆ ಸುತ್ತಿದ್ದೆನೆಂಬುದು ಮಲಕಾರಿಗೂ ನೆನಪಿರಲಿಲ್ಲ.

ಗಾಳಿ ತನ್ನ ಕೆಲಸ ಮಾಡಿತು. ಮೇಲಿನ ಬಲೆ ಮೊದಲು ಒಣಗಿತು. ಮೊದಲು ಒಣಗಿದ ಬಲೆಯ ಮನೂಕ ಮಾರಬಾರದು, ಮನೆಯೊಡತಿ ಹಾದಿಗೆ ಹೋಗುವವರಿಗೆ ಹಂಚಬೇಕು ಎಂಬುದು ಆ ಮನೆತನದ ರೂಢಿ. ಕುರಿ ಹೊಡೆದುಕೊಂಡು ಹೊರಟವರು ಸಿಕ್ಕರು. ಸೋನವ್ವ ಬೊಗಸೆ ಬೊಗಸೆ ಕೊಟ್ಟಳು. ಬಾಯಿಗೆ ಹಾಕಿಕೊಂಡವರು ಸುಡುವ ರಸ್ತೆಯ ನಡುವೆ ಧೋತರ ಮೊಣಕಾಲಿಗೆ ಎತ್ತಿಕೊಂಡು, ಕೇಕೆ ಹಾಕುತ್ತ ಹೆಜ್ಜೆ ಇಟ್ಟರು. ಒಬ್ಬ ತನ್ನ ತುಟಿ ನೆಕ್ಕಿ “ಏ, ಉಪ್ಪೈತಿ!” ಎಂದ.

“ಹಾಡಹಗಲೇ ಕುಡದಾರ ನೋಡು,” ಎಂದು ಸೋನವ್ವ ಬೈದು ಒಳಗೆ ಬಂದಳು.

ಉಳಿದ ಬಲೆಗಳು ಒಣಗಿ, ಹೆಂಗಸರು ಮನೂಕ ಆರಿಸಲು ಕುಳಿತ ಹೊತ್ತಿಗೆ ಅವಳ ಎಡಗಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಆರಿಸುವವರು ಒಂದೆರಡು ಬಾಯಿಗೆ ಹಾಕಿಕೊಳ್ಳುವುದು ಇದ್ದದ್ದೇ. ನೀಲವ್ವ ಹಾಕಿಕೊಂಡಳು.

“ಅಯ್ಯಯ್ಯವ್ವ, ಥಂಡಿ! ಯಾರರ ಕಂಬಳಿ ಕೊಡ್ರೇ! ಎತ್ತ ನೋಡಿದರೂ ಬೆಳ್ಳನ್ನ ಗುಡ್ಡ!”

“ಇಂಥಾ ಬಿಸಲಾಗ ಥಂಡಿ? ತಲಿ ಕೆಟ್ಟೈತಿ ನಿನಗ!” ಎಂದು ಹುಸೇನಬಿ ಬೇರೆ ಬುಟ್ಟಿಯದನ್ನು ತಿಂದವಳೇ ಹೊಸ್ತಿಲಲ್ಲಿ ನಿಂತುಬಿಟ್ಟಳು. “ನಾ ಹೊರಗ ಇಳಿಯಾಕಿ ಅಲ್ಲ. ಓಣಿ ತುಂಬ ನೀರೈತಿ. ಡೋಣಿ ತರ್ರಿ!”

ಒಂದೆರಡು ತಿಂದ ತಕ್ಕಡಿಯ ತುಕಾರಾಮ ಖಾಲಿ ಅಂಗಳದಲ್ಲಿ ಒಬ್ಬನೇ “ಸರೀರಿ, ಸರೀರಿ! ಏನ ಗದ್ದಲಪಾ!” ಎಂದು ಮೊಣಕೈಯಿಂದ ಗಾಳಿಯನ್ನು ನೂಕುತ್ತಿದ್ದ. ಮಾಲು ನೋಡಲು ಬಂದ ಘಾಟಗೆ ಶೇಟ ಸಹಾರಾ ತಿಂದು, ಎರಡು ಕೊಡ ನೀರು ಕುಡಿದು, ಒಂಟೆಗೂ ಒಂದು ಕೊಡ ತರಲು ಹೇಳಿದ!

ಮಲಕಾರಿ ಕುಣಿದಾಡಿದ. “ಯಂತ್ರ ಸೋತಿದ್ದಿಲ್ಲ! ಎಲ್ಲಾ ತಂತಿಗುಂಟ ಬಲಿಗೆ ಇಳದೈತಿ! ಹಣ್ಣು ಹೀರಿಕೊಂಡಾವ!”

ಶೇಟನಿಗೂ ಖುಷಿ. “ಮದುವಿ ಶಿರಾದಾಗ ಹಾಕಿದರ ಊಟದ ಜೋಡಿ ಪ್ರವಾಸ ಫುಕಟ!” ಎಂದು ಪೂರ್ತಿ ಮಾಲು ಲಾರಿಗೆ ಹೇರಿಸಿಕೊಂಡು ಹೋದ.

ಎಲ್ಲರ ಜೊತೆ ನಕ್ಕ ಸೋನವ್ವ ಆಮೇಲೆ ಮಲಕಾರಿಯ ಕಡೆ ಮುಖ ಮಾಡಿದಳು.

“ಸಮುದ್ರ ಯಾವ ಬಲಿಗೆ ಹಾಕಿದ್ದಿ?”

ಮಲಕಾರಿಯ ಕುಣಿತ ನಿಂತಿತು. “ಮ್ಯಾಲಿಂದಕ್ಕ. ನಿನಗ ಮೊದಲ ಅದನ್ನ ತೋರಿಸಬೇಕಂತ…”

ರಸ್ತೆಯ ನಡುವೆ ಧೋತರ ಎತ್ತಿಕೊಂಡು ನಡೆದವರು ಅವಳ ನೆನಪಿಗೆ ಬಂದು ನಿಂತರು. ಸಮುದ್ರವನ್ನು ತನ್ನ ಕೈಯಾರೆ ಕೊಟ್ಟಿದ್ದಳು.

ಮಲಕಾರಿ ಏಣಿ ಹಾಕಿ ಹತ್ತಿದ. ಮೂಲೆ ಮೂಲೆ ತಡಕಿದ. ತಂತಿಯ ಗಂಟಿನಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮನೂಕ ಸಿಕ್ಕಿತು. ಕೊಡಲು ಹೋಗಿ ಕೈ ಹಿಂದೆ ತೆಗೆದ. “ಸಕ್ಕರಿ ಏರತೈತಿ…”

“ಇನ್ನ ಎಲ್ಲಿಗೆ ಏರತೈತಿ? ಕಣ್ಣ ತನಕ ಬಂದಾತು. ತಾ ಇಲ್ಲೆ.”

ಅವಳು ನಿಧಾನವಾಗಿ ಅಗಿದಳು. ಸ್ವಲ್ಪ ಹೊತ್ತಿಗೆ, ಬಟ್ಟೆ ಸುತ್ತಿದ ಕಾಲನ್ನು ನೆನೆದೀತೆಂಬಂತೆ ಮೇಲಕ್ಕೆಳೆದುಕೊಂಡಳು. ಕಾಣದ ಕಣ್ಣು ಅಗಲವಾಯಿತು. ಮತ್ತೆ ಮೊದಲಿನಂತಾಯಿತು.

“ಏನ ಕಂಡಿತು?”

“ಒಂದ ತೆರಿ. ನೀಲಿ. ಕಾಲ ತನಕ ಬಂತು.”

“ಆಮ್ಯಾಲ?”

“ಹೊಳ್ಳಿ ಹೋತು.”

ಮಲಕಾರಿ ಹೊರಸಿನ ತುದಿಯಲ್ಲಿ ಕುಸಿದು ಕುಳಿತ. ಅವನು ಅಳುವುದು ಅವಳಿಗೆ ಹೊರಸಿನ ನಡುಕದಿಂದಲೇ ಗೊತ್ತಾಯಿತು. ಕೈ ಚಾಚಿ ಅವನ ಬೆನ್ನು ಹುಡುಕಿ, ಅಲ್ಲೇ ಇಟ್ಟಳು.

“ಉಳದ ಸಮುದ್ರ ನಿನ್ನ ಮ್ಯಾಲ ಬಾಕಿ,” ಎಂದಳು. ಬೆನ್ನು ತಟ್ಟುತ್ತ ಸೇರಿಸಿದಳು: “ಕುಕ್ಕರಿನ ಮುಚ್ಚಳನೂ.”