ಕಾಕುವಿನ ಅಡುಗೆ ಅಂಕಣ

ನಾನು ಕಂಡವರಲ್ಲೆಲ್ಲ ಅತಿ ದೊಡ್ಡ ಸುಳ್ಳುಗಾರ್ತಿ ಯಾರೆಂದು ಕೇಳಿದರೆ, ನಾಸಿಕದ ಒಂದು ಮರಾಠಿ ದಿನಪತ್ರಿಕೆಯ ಸಂಪಾದಕಿ ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ಒಂದಕ್ಷರ ಸುಳ್ಳು ಅಚ್ಚಾಗಲು ಬಿಟ್ಟವರಲ್ಲ ಅವರು. ಹಾಗಾದರೆ ಹುಟ್ಟಿನಿಂದ ಬಂದ ಸುಳ್ಳುಗಳನ್ನೆಲ್ಲ ಎಲ್ಲಿ ಖರ್ಚು ಮಾಡಬೇಕು, ಪಾಪ? ಪತ್ರಿಕೆಯ ಹೊರಗೆ ಮಾಡುತ್ತಿದ್ದರು!

ಮೂಲತಃ ನಮ್ಮ ಬೀದರ್ ಕಡೆಯವರು, ಮದುವೆಯಾಗಿ ನಾಸಿಕಕ್ಕೆ ಬಂದವರು. ಮಾಲೀಕರಿಂದ ಹಿಡಿದು ಅಚ್ಚುಮೊಳೆ ಜೋಡಿಸುವವರ ತನಕ ಎಲ್ಲರಿಗೂ ಅವರು ‘ಕಾಕು’, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಹೆಂಗಸೊಬ್ಬಳು ಸಂಪಾದಕರ ಕುರ್ಚಿಯಲ್ಲಿ ಕೂತದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಕುರ್ಚಿಯೇನೋ ಸಿಕ್ಕಿತು, ಕಚೇರಿಯಲ್ಲಿ ಹೆಂಗಸರಿಗೊಂದು ಸಂಡಾಸು ಇರಲಿಲ್ಲ. ಮಾಲೀಕರು ಮುಂದಿನ ವರ್ಷ ನೋಡೋಣ ಎಂದರಂತೆ. ಕಾಕು ವಾದಕ್ಕೆ ಇಳಿಯಲಿಲ್ಲ. ಮುಂಬೈಯಿಂದ ಮಂತ್ರಿಗಳ ಹೆಂಡತಿ ಪ್ರೆಸ್ಸು ನೋಡಲು ಬರುವವರಿದ್ದಾರೆ ಎಂದು ಒಂದು ಮಾತು ತೇಲಿಬಿಟ್ಟರು. ವಾರದೊಳಗೆ ಬಿಳಿ ಟೈಲ್ಸಿನ ಸಂಡಾಸು ಎದ್ದಿತು! ಮಂತ್ರಿಗಳ ಹೆಂಡತಿಯೇ? ಇನ್ನೂ ದಾರಿಯಲ್ಲಿದ್ದಾರೆ.

ಇಂಥವರ ಕೈಗೆ ನಾನು ಸಿಕ್ಕಿದ್ದು ಎಂಬತ್ತರ ದಶಕದ ಕೊನೆಗೆ. ಅಪ್ಪ ಬ್ಯಾಂಕಿನವರು, ವರ್ಗವಾಗಿ ನಾಸಿಕಕ್ಕೆ ಬಂದಿದ್ದರು. ನಾನು ಮರಾಠಿಯಲ್ಲೇ ಓದಿ ಬಿ.ಎ. ಮುಗಿಸಿ, ವರನ ದಾರಿ ಕಾಯುತ್ತ ಕೂತಿದ್ದೆ. ಅಂದರೆ ಅಪ್ಪ ಕಾಯುತ್ತಿದ್ದರು, ನಾನು ಕೂತಿದ್ದೆ. ನನಗೆ ಬೇಕಾಗಿದ್ದದ್ದು ಸುದ್ದಿ ಬರೆಯುವ ಕೆಲಸ. ಅಪ್ಪನಿಗೆ ಬೇಡವಾಗಿದ್ದದ್ದೂ ಅದೇ. ನಾನು ಇದನ್ನು ಕಾಕುವಿನ ಕಿವಿಗೆ ಹಾಕಿದ್ದೆ. ನಮ್ಮ ಕಡೆಯವರು ಸೇರಿದ್ದ ಬಸವ ಜಯಂತಿಯ ಊಟದ ಪಂಕ್ತಿಯಲ್ಲಿ ಕಾಕು ಅಪ್ಪನ ಪಕ್ಕ ಕೂತು, ಹುಡುಗಿಯನ್ನು ನಮ್ಮ ಅಡುಗೆ ಅಂಕಣಕ್ಕೆ ಕಳಿಸಿ, ಐದಕ್ಕೆಲ್ಲ ಮನೆ ಸೇರುತ್ತಾಳೆ, ಗಂಡಿನ ಕಡೆಯವರಿಗೂ ಹೇಳಿಕೊಳ್ಳಲು ಚೆನ್ನ ಎಂದರು. ಅಪ್ಪ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಹೂಂ ಅಂದರು.

ಆ ಪತ್ರಿಕೆಯಲ್ಲಿ ಅಡುಗೆ ಅಂಕಣವೇ ಇರಲಿಲ್ಲ!

ಮೊದಲ ದಿನವೇ ನನ್ನನ್ನು ಲಾಸಲಗಾಂವ್‌ಗೆ ಅಟ್ಟಿದರು, ಈರುಳ್ಳಿ ಮೂಟೆ ಹೊರುವವರ ಬಗ್ಗೆ ಬರೆದು ತಾ ಎಂದು. ನಾನು ‘ಶ್ರಮಜೀವಿಗಳ ಕಣ್ಣೀರು’ ಎಂದೇನೋ ಬರೆದು ತಂದೆ. ಕಾಕು ಅದರ ಮೇಲೆ ಗೀಟು ಎಳೆದು, ಈರುಳ್ಳಿ ಸಂತೆಯಲ್ಲಿ ಯಾರ ಕಣ್ಣಲ್ಲಿ ನೀರಿಲ್ಲ? ಮೂಟೆ ಹೊರುವವರ ಹೆಗಲು ನೋಡಿದೆಯಾ ಎಂದು ಕೇಳಿ ಮತ್ತೆ ಬಸ್ಸು ಹತ್ತಿಸಿದರು. ಹೋಗಿ ಹೆಗಲು ನೋಡಿ ಬಂದೆ. ನನಗೆ ಬರೆಯಲು ಕಲಿಸಿದ್ದು ಆ ಒಂದು ಪ್ರಶ್ನೆ.

ವರದಿ ನನ್ನ ಹೆಸರಿನೊಂದಿಗೆ ಅಚ್ಚಾಯಿತು. ಅಪ್ಪ ಪತ್ರಿಕೆ ಹಿಡಿದು ಸೀದಾ ಕಚೇರಿಗೇ ಬಂದರು.

“ಇದರಾಗ ಅಡಿಗಿ ಎಲ್ಲದರಿ ಅಕ್ಕಾರ?”

“ಉಳ್ಳಾಗಡ್ಡಿ ಇಲ್ಲದ ಅಡಿಗಿ ಯಾವುದರಿ ಅಣ್ಣಾರ?” ಎಂದರು ಕಾಕು.

ಅಪ್ಪ ಚಹಾ ಕುಡಿದು ವಾಪಸಾದರು. ನಿಫಾಡ್‌ನ ದ್ರಾಕ್ಷಿ ತೋಟದ ಕೂಲಿಯವರ ಬಗ್ಗೆ ಬರೆದಾಗ ಕಾಕು ಅದನ್ನು ಫಲಾಹಾರದ ಲೆಕ್ಕಕ್ಕೆ ಸೇರಿಸಿದರು. ಆಮೇಲೆ ಅಂಬಡ್‌ನ ಒಂದು ಕಾರ್ಖಾನೆಗೆ ಬೀಗ ಬಿತ್ತು. ನಾನು ಕಾರ್ಮಿಕರ ಬಾಡಿಗೆ ಕೋಣೆಗಳನ್ನು ಸುತ್ತಿ ಬರೆದೆ. ಅಪ್ಪ ಮತ್ತೆ ಹಾಜರ್! ಕಾರ್ಖಾನೆಯಲ್ಲಿ ಏನು ಬೇಯಿಸುತ್ತಾರೆ ಎಂದು ಕಾಕುವನ್ನೇ ಕೇಳಿದರು.

“ಏನೂ ಬೇಯಿಸಿಲ್ಲರಿ. ಆ ಖೋಲಿಗಳಾಗ ಒಲಿನೇ ಹತ್ತಿಲ್ಲ. ಅದೇ ಸುದ್ದಿ.”

ಅಂದು ಅಪ್ಪ ಚಹಾ ಕುಡಿಯಲಿಲ್ಲ. ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು.

ಆದರೆ ಬ್ಯಾಂಕಿಗೆ ಇದೆಲ್ಲ ತಿಳಿಯಬೇಕಲ್ಲ! ಅಪ್ಪನಿಗೆ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ವರ್ಗವಾಯಿತು. ಮದುವೆಯಾಗದ ಮಗಳು ನಾಸಿಕದಲ್ಲಿ ಒಬ್ಬಳೇ ಇರುವುದುಂಟೆ? ನನ್ನ ಕೆಲಸ ಮುಗಿಯಿತೆಂದು ಗೋಡೆಗೆ ಮುಖ ಮಾಡಿ ಮಲಗಿದೆ. ಸಾಮಾನು ಬಿಚ್ಚುವ ಮೊದಲೇ ಕಾಕು ಎಸ್.ಟಿ. ಬಸ್ಸಿನಲ್ಲಿ ಬಂದಿಳಿದರು. ಪತ್ರಿಕೆ ಇಲ್ಲೊಂದು ಶಾಖೆ ತೆರೆಯುತ್ತಿದೆ, ನಿಮ್ಮ ಮಗಳೇ ಅದಕ್ಕೆ ಮುಖ್ಯಸ್ಥೆ ಎಂದರು. ಅಂಥ ಶಾಖೆಯ ಸುಳಿವು ಮಾಲೀಕರಿಗೂ ಇರಲಿಲ್ಲ. ಜಾಗ ಎಲ್ಲಿ ಎಂದು ಅಪ್ಪ ಕೇಳಿದರು. ನೋಡುತ್ತಿದ್ದೇವೆ ಎಂದರು ಕಾಕು. ಅಪ್ಪ ಸ್ವಲ್ಪ ಯೋಚಿಸಿ, ಹಾಗಿದ್ದರೆ ನಮ್ಮ ಹೊರಗಿನ ಕೋಣೆಯೇ ಆಗಲಿ ಎಂದುಬಿಟ್ಟರು!

ಕಾಕು ಚಹಾಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೇ ಹೊರಟುಬಿಟ್ಟರು. ಹೇಳಿದ ಸುಳ್ಳಿಗೆ ಯಾರಾದರೂ ಕೋಣೆ ಖಾಲಿ ಮಾಡಿ ಕೊಟ್ಟರೆ ಏನು ಮಾಡುವುದು? ನಾಸಿಕಕ್ಕೆ ಹೋಗಿ ಮಾಲೀಕರಿಗೆ ಇನ್ನೇನು ಸುಳ್ಳು ಹೇಳಿದರೋ, ತಿಂಗಳೊಳಗೆ ಶಾಖೆ ಬಂತು: ಒಂದು ಮೇಜು, ಒಂದು ಫೋನು, ಮತ್ತು ಸಂಬಳವಿಲ್ಲದ ನಮ್ಮಪ್ಪ. ನಾನು ಹೊರಗೆ ಹೋದಾಗ ತಾಲೂಕುಗಳಿಂದ ಬರುವ ಸುದ್ದಿಯನ್ನು ಅವರೇ ಬರೆದುಕೊಳ್ಳುತ್ತಿದ್ದರು. ಬರಗಾಲವಿರಲಿ, ದರೋಡೆಯಿರಲಿ, ಫೋನು ಮಾಡಿದವನನ್ನು ಮೊದಲು ಊಟವಾಯಿತೇ ಎಂದು ಕೇಳದೆ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೆಳಗ್ಗೆ ಕಾಕು ತೀರಿಕೊಂಡರು. ಫೋನು ಎತ್ತಿಕೊಂಡವರು ಅಪ್ಪ. ಇಬ್ಬರೂ ನಾಸಿಕದ ಬಸ್ಸು ಹತ್ತಿದೆವು. ಬಸ್ಸು ಅರ್ಧ ದಾರಿಯ ಯೇವಲೆ ಊರು ದಾಟಿತು. ಆಮೇಲೆ ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

“ಅಡಿಗಿ ಅಂಕಣ ಇಲ್ಲಂತ ನನಗ ಮೊದಲೇ ಗೊತ್ತಿತ್ತವ್ವ. ನಾ ದಿನಾ ಅದೇ ಪೇಪರ್ ಓದಾಂವ.”

“ಮತ್ತ್ಯಾಕ ಹೂಂ ಅಂದ್ರಿ ಅಪ್ಪಾ?”

“ಅಕ್ಕಾರು ಯಾರಿಗೂ ಅಂಜದ ಹೆಣ್ಮಗಳು. ನಿನ್ನ ಸಲುವಾಗಿ ನನ್ನ ಮಗ್ಗಲಿಗೆ ಕೂತು ಸುಳ್ಳು ಹೇಳ್ಲತಿದ್ರು, ತಮ್ಮ ಎಲಿಮ್ಯಾಗಿನ ಹೋಳಿಗಿ ಮುಟ್ಟೇ ಇದ್ದಿಲ್ಲ. ನಾ ಹೆಂಗ ಒಲ್ಲೆ ಅನ್ಲಿ?”

ಬಸ್ಸು ತುಂಬ ಜನ ನೋಡುತ್ತಿದ್ದರೂ ನಾನು ಜೋರಾಗಿ ಅತ್ತುಬಿಟ್ಟೆ.