ಕೋಳಿಗೂಡಿನ ಯುದ್ಧವಿಮಾನ

ಹಿಲ್ಮಾ: ಬೋರ್ಡಲ್ಲಿ ಏನಂತ ಬರೆಸಿದ್ದೀಯಪ್ಪ, ಇನ್ನೊಂದ್ಸಲ ಓದು. ನನಗೆ ಕಣ್ಣು ಕಾಣುತ್ತೆ, ನಿನ್ನ ಬಾಯಲ್ಲೇ ಕೇಳಬೇಕು ಅಷ್ಟೆ.

ಡ್ವೇನ್: "ನಲವತ್ತೊಂಬತ್ತನೇ ಇಸವಿಯಿಂದ ಎಂಬತ್ತೊಂಬತ್ತರವರೆಗೆ ರೈತ ಆರ್ವಿಡ್ ಲುಂಡ್‌ಗ್ರೆನ್ ಅವರ ಖಾಸಗಿ ಸಂಗ್ರಹದಲ್ಲಿ."

ಹಿಲ್ಮಾ: ಸಂಗ್ರಹ! ನಮ್ಮ ಕೊಟ್ಟಿಗೆ ಹಿಂದೆ ಸಂಗ್ರಹ ಅಂತ ಇದ್ದದ್ದು ಗೊಬ್ಬರದ ಗುಡ್ಡೆ ಒಂದೇ. ಇದು ಕೋಳಿಗೂಡು ಕಣಪ್ಪ. ಹಾಗಂತಲೇ ಬರಿ.

ನೆಬ್ರಾಸ್ಕದ ಸಣ್ಣ ಊರಿನ ವಿಮಾನ ಮ್ಯೂಸಿಯಂ. ಇವತ್ತು ಗುರುವಾರ, ಶನಿವಾರ ಉದ್ಘಾಟನೆ. ಎರಡನೇ ಮಹಾಯುದ್ಧದ ಕಾಲದ, ಮೈತುಂಬ ನೀಲಿ ಬಳಿದುಕೊಂಡ ನೌಕಾಪಡೆಯ ಹೆಲ್‌ಕ್ಯಾಟ್ ಯುದ್ಧವಿಮಾನ ಮದುಮಗನ ಹಾಗೆ ನಿಂತಿದೆ. ಗಂಡ ಆರ್ವಿಡ್ ತೀರಿಕೊಂಡ ಮೇಲೆ ಅದರ ಒಡತಿ ಎಂಬತ್ತು ದಾಟಿದ ಹಿಲ್ಮಾ. ಅವಳು ದಾನಪತ್ರಕ್ಕೆ ಸಹಿ ಹಾಕದೆ ವಿಮಾನ ಮ್ಯೂಸಿಯಮ್ಮಿನದಾಗೋದಿಲ್ಲ. ಬೋರ್ಡು ಸರಿಹೋಗದೆ ಅವಳು ಸಹಿ ಹಾಕೋದಿಲ್ಲ. ಮ್ಯೂಸಿಯಂ ನಡೆಸುವ ಡ್ವೇನ್ ಕ್ರಾಮರ್ ಪತ್ರ ಹಿಡಿದು ಬೆವರುತ್ತಿದ್ದಾನೆ.

ಡ್ವೇನ್: ಹಿಲ್ಮಮ್ಮ, ಶನಿವಾರ ಬ್ಯಾಂಡು ಬರುತ್ತೆ. ಮಾಜಿ ಸೈನಿಕರು ಬಂದು ಸೆಲ್ಯೂಟ್ ಹೊಡೀತಾರೆ. ಕೋಳಿಗೂಡಿಗೆ ಹೊಡೀರಿ ಅನ್ನಲಾ?

ಹಿಲ್ಮಾ: ಹೊಡೀಲಿ, ಏನೀಗ? ನೌಕಾಪಡೆ ಇದನ್ನ ಇಟ್ಕೊಂಡದ್ದು ಏಳೇ ತಿಂಗಳು. ಫ್ಲೋರಿಡಾದಲ್ಲಿ ಹುಡುಗರಿಗೆ ಹಾರೋದು ಕಲಿಸಿ ಗುಜರಿಯವನಿಗೆ ಎಸೆದ್ರು. ಗುಜರಿಯವನು ಶಾಲೆಗೆ ಕೊಟ್ಟ. ಮಕ್ಕಳು ರೆಕ್ಕೆ ಮೇಲಿಂದ ಜಾರಿ ಹಲ್ಲು ಮುರ್ಕೊಂಡ್ರು ಅಂತ ಶಾಲೆಯವರು ನಮ್ಮ ಹೊಲಕ್ಕೆ ಸಾಗಹಾಕಿದ್ರು. ಅದರ ಹೊಟ್ಟೇಲಿ ನನ್ನ ಕೋಳಿ ನಲವತ್ತು ವರ್ಷ ಮೊಟ್ಟೆ ಇಟ್ಟವು. ಯಾರ ಸೇವೆ ದೊಡ್ಡದು, ನೀನೇ ಹೇಳು.

ಡ್ವೇನ್: ಆದ್ರೂ ಯುದ್ಧ ಕಂಡ ವಿಮಾನ ಅಲ್ವಾ? ಬಾಲದ ಹತ್ರ ನೋಡಿ, ಶತ್ರು ಗುಂಡಿನ ತೂತು. ಹದಿನೇಳು! ಒಂದನ್ನೂ ಮುಚ್ಚಿಲ್ಲ. ಸುತ್ತ ಕೆಂಪು ಗೆರೆ ಎಳೆಸಿದ್ದೀವಿ.

ಹಿಲ್ಮಾ: ಫ್ಲೋರಿಡಾದಲ್ಲಿ ಯಾವ ಶತ್ರುವಪ್ಪ?

ಡ್ವೇನ್: ಮತ್ತೆ ಇದೆಲ್ಲ...?

ಹಿಲ್ಮಾ: ನರಿ. ಐವತ್ತೆರಡನೇ ಇಸವಿ. ಹಾಡಹಗಲೇ ಗೂಡಿಗೆ ನುಗ್ಗಿತ್ತು. ಆರ್ವಿಡ್ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ಕಣ್ಣೂ ಬಿಡದೆ ಕೋವಿ ಹಾರಿಸಿದ. ಚರೆಗುಂಡೆಲ್ಲ ವಿಮಾನದ ಬಾಲಕ್ಕೆ. ನರಿಯ ಕೂದಲೂ ಕೊಂಕಲಿಲ್ಲ. ಸತ್ತದ್ದು ನಮ್ಮ ಹುಂಜ.

ಡ್ವೇನ್ ಕುರ್ಚಿ ಹುಡುಕಿ ಕೂತ. ಹೋದ ವಾರವಷ್ಟೇ ಊರಿನ ಮೇಯರ್ ಆ ತೂತುಗಳಲ್ಲಿ ಬೆರಳಾಡಿಸಿ ಕಣ್ಣೊರೆಸಿಕೊಂಡಿದ್ದ.

ಡ್ವೇನ್: ಆಯ್ತು. ಕೋಳಿ ಬರೀತೀನಿ, ನರಿ ಬರೀತೀನಿ. ಸಹಿ ಹಾಕಿ ತಾಯಿ.

ಹಿಲ್ಮಾ: ತಡಿ. ಕೊನೇ ಸಾಲು ಓದು.

ಡ್ವೇನ್: "ಆರ್ವಿಡ್ ಅವರ ದೂರದೃಷ್ಟಿಯಿಂದ ಉಳಿದದ್ದು."

ಹಿಲ್ಮಾ: ದೂರದೃಷ್ಟಿ! ಅವನಿಗೆ ಮೇಜಿನ ಮೇಲಿನ ಉಪ್ಪು ಕಾಣ್ತಿರಲಿಲ್ಲ. ಗುಜರಿಯವನು ಮೂರು ಸಲ ಬಂದ. ಮೂರು ಸಲವೂ ಆರ್ವಿಡ್ ತಗೊಂಡು ಹೋಗು ಅಂದ. ಅಡ್ಡ ನಿಂತವಳು ನಾನು. ಬೋರ್ಡಲ್ಲಿ ನನ್ನ ಹೆಸರೆಲ್ಲಿ?

ಡ್ವೇನ್ ಆಸೆಯಿಂದ ಪೆನ್ನು ತೆಗೆದ.

ಡ್ವೇನ್: ಯಾಕೆ ಅಡ್ಡ ನಿಂತ್ರಿ? ದೇಶದ ಮೇಲಿನ ಪ್ರೀತಿಗಾ?

ಹಿಲ್ಮಾ: ಕೋಳಿ ಮೇಲಿನ ಪ್ರೀತಿಗೆ. ಮೊದಲು ಹೊಸ ಗೂಡು ಕಟ್ಟಿಕೊಡು, ಆಮೇಲೆ ಇದನ್ನ ಒಯ್ಯಲಿ ಅಂದೆ. ಕಟ್ಟಿದನಾ? 'ಮುಂದಿನ ವಾರ, ಹಿಲ್ಮಾ' ಅಂತಲೇ ನಲವತ್ತು ವರ್ಷ ತಳ್ಳಿದ. ಸುತ್ತಿಗೆ ಎತ್ತೋಕೆ ಮೈ ಬಗ್ಗದ ಗಂಡಸು.

ಡ್ವೇನ್: ಕಟ್ಟಿದ್ದಿದ್ರೆ?

ಹಿಲ್ಮಾ: ಮಾರನೇ ದಿನವೇ ಇದು ಗುಜರಿಗೆ.

ಡ್ವೇನ್: ಹಾಗಾದ್ರೆ ಉಳಿಸಿದ್ದು ಆರ್ವಿಡ್ ಅವರೇ ಅಂತಾಯ್ತಲ್ಲಾ!

ಹಿಲ್ಮಾ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಬೋರ್ಡಿನ ಮೇಲೆ 'ದೂರದೃಷ್ಟಿಯಿಂದ' ಹೊಡೆದು 'ಸೋಮಾರಿತನದಿಂದ' ಅಂತ ಬರೆದಳು. ಅದರ ಮುಂದೆ 'ಮತ್ತು ಹಿಲ್ಮಾಳ ಹಟದಿಂದ' ಅಂತ ಸೇರಿಸಿದಳು. ಪತ್ರಕ್ಕೂ ಸಹಿ ಗೀಚಿದಳು.

ಡ್ವೇನ್: ಅಯ್ಯೋ, ಇದನ್ನ ಓದಿ ಮಾಜಿ ಸೈನಿಕರು ಏನಂತಾರೆ?

ಹಿಲ್ಮಾ: ಏನೂ ಅನ್ನಲ್ಲ, ಅವರಿಗೆ ಅರ್ಥ ಆಗುತ್ತೆ. ಯುದ್ಧ ಹೂಡಿದ ದೊಡ್ಡೋರೂ ನನ್ನ ಗಂಡನ ಹಾಗೆ ಮುಂದಿನ ವಾರ, ಮುಂದಿನ ವಾರ ಅಂತ ಬಿದ್ಕೊಂಡಿದ್ದಿದ್ರೆ, ಈ ಸೈನಿಕರ ಸತ್ತ ಜೊತೆಗಾರರೂ ಶನಿವಾರ ಇಲ್ಲಿಗೆ ಬರ್ತಿದ್ರು.